ಹದವರಿತು ಏರುವ ವೋಲ್ಟೇಜ್

ಬಿಡಿ ಘಟಕಗಳನ್ನು, ಅಂದರೆ ಮಾಡ್ಯೂಲುಗಳನ್ನು, ಜೋಡಿಸಿ ಕಟ್ಟಿದ ಮಾಡ್ಯುಲರ್ ಪವರ್ ಸಪ್ಲೈಯ ನಿಜವಾದ ಸೊಗಸಿರುವುದು ಅದು ವೋಲ್ಟೇಜನ್ನು ಏರಿಸುವ ಹದದಲ್ಲಿ. 12 ವೋಲ್ಟ್ ಒಮ್ಮೆಗೇ ನುಗ್ಗಿದರೆ ಸರ್ಕಿಟ್‌ನ ಕೆಪ್ಯಾಸಿಟರುಗಳು ಭಾರೀ ಕರೆಂಟ್ ಎಳೆಯುತ್ತವೆ. ಅದನ್ನೇ 100 ಮಿಲಿಸೆಕೆಂಡುಗಳಲ್ಲಿ ಸಮನಾಗಿ ಏರಿಸಿದರೆ 1000 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಎಳೆಯುವುದು ಬರೀ 0.12 ಆಂಪಿಯರ್. ಎಷ್ಟು ಚೆಂದದ ಲೆಕ್ಕ!

ಹಲವು ಮಾಡ್ಯೂಲುಗಳು ಒಟ್ಟಿಗೇ ಏರಬೇಕಾದಾಗ ಅವುಗಳಿಗೆ ಕಂಪ್ಯೂಟರ್ ಒಂದೊಂದಾಗಿ ಆದೇಶ ಕಳಿಸಿದರೆ ನಡುವೆ ಅಂತರ ಬಿದ್ದೇ ಬೀಳುತ್ತದೆ. ಹಾಗಾಗಿ ಹೊಸ ಮಟ್ಟ, ಏರುವ ದರ, ಕಾಯುವ ಹೊತ್ತು ಎಲ್ಲವನ್ನೂ ಮಾಡ್ಯೂಲುಗಳಲ್ಲಿ ಮೊದಲೇ ತುಂಬಿಡುತ್ತಾರೆ. ಒಂದೇ ಟ್ರಿಗರ್‌ಗೆ, ಅಂದರೆ ಚಾಲನೆಯ ಸಂಕೇತಕ್ಕೆ, ಅವೆಲ್ಲವೂ ಒಟ್ಟಿಗೇ ಹೊರಡುತ್ತವೆ.

ಉಪಗ್ರಹವನ್ನು ನೆಲದ ಮೇಲೆ ಪರೀಕ್ಷಿಸುವಾಗ ಸೌರಫಲಕದ ಬದಲು ನಿಲ್ಲುವುದೂ ಇಂಥ ಪ್ರೋಗ್ರಾಂ ಮಾಡಬಲ್ಲ ಸಪ್ಲೈಯೇ. ಅಲ್ಲಿ ವಿದ್ಯುತ್ತಿನ ಶಿಸ್ತು ಬಹಳ ಮುಖ್ಯ: ವಿಜ್ಞಾನಿ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ತಯಾರಾಗಿ 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತದ್ದು ವಿದ್ಯುತ್ ವ್ಯವಸ್ಥೆಯ ದೋಷದಿಂದ.