ಫುಚುವಿನ ಪ್ಯಾಡಕ್, ಪೆನ್ಸಿಲಿನ ಬಾಜಿ

ಟೋಕಿಯೋದ ಪಶ್ಚಿಮಕ್ಕೆ ಫುಚುವಿನಲ್ಲಿ 1933ರಲ್ಲಿ ಆರಂಭವಾದ ಟೋಕಿಯೋ ರೇಸ್‌ಕೋರ್ಸ್, ಭಾಷೆ ಬಾರದ ಪರದೇಶಿಯೂ ತಡವರಿಸದಷ್ಟು ಅಚ್ಚುಕಟ್ಟು. ಓಟಕ್ಕೆ ಮೊದಲು ಕುದುರೆಗಳನ್ನು ಪ್ಯಾಡಕ್‌ನಲ್ಲಿ ಸುತ್ತು ಹಾಕಿಸುತ್ತಾರೆ. ಹೊಸಬರು ಮೈಯ ಹೊಳಪಿಗೆ ಮರುಳಾದರೆ, ಬಲ್ಲವರು ಹಿಂಗಾಲಿನ ಹೆಜ್ಜೆ ಎಷ್ಟು ಮುಂದೆ ಬೀಳುತ್ತದೆ, ತೊಡೆಸಂದಿಯಲ್ಲಿ ಬೆವರು ಬಿಳಿನೊರೆ ಕಟ್ಟಿದೆಯೇ ಎಂದು ನೋಡುತ್ತಾರೆ. ಫಲಕದಲ್ಲಿ ಪ್ರತಿ ಕುದುರೆಯ ಅಂದಿನ ತೂಕ, ಅದರ ಪಕ್ಕದಲ್ಲೇ ಹಿಂದಿನ ಓಟಕ್ಕಿಂತ ಏರಿದ್ದೆಷ್ಟು, ಇಳಿದದ್ದೆಷ್ಟು ಎಂಬ ಲೆಕ್ಕ: 480, ಪ್ಲಸ್ 6 ಎಂಬಂತೆ. ಬಾಜಿ ಕಟ್ಟುವವರಿಗೆ ಸಲ್ಲುವ ಇಂಥ ಮರ್ಯಾದೆ ಅಪರೂಪವೇ ಸರಿ.

ಅಕ್ಷರ ಓದಲಾಗದವರಿಗೆ ಬಣ್ಣದ ಆಸರೆಯಿದೆ. ಕುದುರೆಗಳನ್ನು ಎಂಟು ಗುಂಪಾಗಿ ವಿಂಗಡಿಸಿ, ಜಾಕಿಗಳಿಗೆ ಆಯಾ ಗುಂಪಿನ ಟೋಪಿ ತೊಡಿಸುತ್ತಾರೆ: ಬಿಳಿ, ಕಪ್ಪು, ಕೆಂಪು, ನೀಲಿ, ಹಳದಿ, ಹಸಿರು, ಕಿತ್ತಳೆ, ಗುಲಾಬಿ.

ಬಾಜಿಗೆ ಮಾರ್ಕ್ ಕಾರ್ಡ್. ರೇಸ್‌ಕೋರ್ಸ್, ಓಟದ ಸಂಖ್ಯೆ, ಬಾಜಿಯ ಬಗೆ, ಕುದುರೆಯ ಸಂಖ್ಯೆ, ಮೊತ್ತ ಇವುಗಳ ಚೌಕಗಳನ್ನು ಪೆನ್ಸಿಲಿನಿಂದ ತುಂಬಿ, ಹಣದೊಂದಿಗೆ ಯಂತ್ರಕ್ಕೆ ಕೊಟ್ಟರೆ ಚೀಟಿ ಕೈಗೆ ಬರುತ್ತದೆ. 20 ವರ್ಷ ತುಂಬಿರಬೇಕು. ಕನಿಷ್ಠ ಬಾಜಿ 100 ಯೆನ್. ಒಂದೇ ಕುದುರೆಗೆ ವಿನ್ ಮತ್ತು ಪ್ಲೇಸ್ ಎರಡನ್ನೂ ಸಮಸಮ ಕಟ್ಟುವ ಒಂದು ಬಗೆಯಿದೆ. ಆ ಚೀಟಿಯ ಮೇಲೆ ಕುದುರೆಯ ಹೆಸರಿನೊಂದಿಗೆ ‘ಗಾನ್‌ಬಾರೆ’ ಎಂಬ ಹುರಿದುಂಬಿಸುವ ಮಾತೂ ಅಚ್ಚಾಗಿರುತ್ತದೆ. ಜೂಜಿನ ಚೀಟಿಗೂ ಎಂಥ ಅಕ್ಕರೆ!

ಇಲ್ಲಿ ಓಟ ಎಡಸುತ್ತು. ಹುಲ್ಲುಹಾದಿಯ ಕೊನೆಯ ನೇರ ಭಾಗ 525.9 ಮೀಟರ್, ನಡುವೆ ಏರು ಬೇರೆ. ಮುಂಚೂಣಿಯ ಕುದುರೆ ಅಲ್ಲಿ ದಣಿಯುತ್ತಿದ್ದಂತೆ ಹಿಂದಿನಿಂದ ನುಗ್ಗುವ ಕುದುರೆಗೆ ಅವಕಾಶ ತೆರೆಯುತ್ತದೆ. ಗೆದ್ದ ಚೀಟಿಗೆ 60 ದಿನಗಳೊಳಗೆ ಹಣ ಪಡೆಯಬಹುದು.