ಒತ್ತಕ್ಷರದ ಅಳತೆ

ಕಾರವಾರದ ಕಡೆಯ ಅವರ್ಸಾ ಎಂಬ ಊರಿನ ಹೆಸರನ್ನು 6 ಪಾಯಿಂಟಿನಲ್ಲಿ ಅಚ್ಚು ಹಾಕಿಸಿ ನೋಡಿ. ಅ ಮತ್ತು ವ ಹೇಗೋ ಉಳಿದುಕೊಳ್ಳುತ್ತವೆ. ಕೆಡುವುದು ಕೊನೆಯಲ್ಲಿ. ಸಾ ಅಕ್ಷರದ ದೀರ್ಘ, ಅದಕ್ಕೆ ತಾಗಿ ನಿಂತ ಅರ್ಕಾವೊತ್ತು ಎರಡೂ ಶಾಯಿಯಲ್ಲಿ ಅಂಟಿಕೊಂಡು ಗುರುತೇ ಸಿಗುವುದಿಲ್ಲ. ಊರಿನ ಕಾತ್ಯಾಯಿನಿ ಬಾಣೇಶ್ವರ ದೇವಸ್ಥಾನದ ಹೆಸರಿಗೂ ಇದೇ ಪಾಡು: ತಕಾರಕ್ಕೆ ಯ ಒತ್ತು, ಶಕಾರಕ್ಕೆ ವ ಒತ್ತು, ಸಕಾರಕ್ಕೆ ಥ ಒತ್ತು. ಮದುವೆ ಕಾಗದದಲ್ಲಿ ವಧೂವರರ ಹೆಸರಿಗೆ ಅಂಗೈಯಗಲ ಜಾಗ ಕೊಟ್ಟು, ದೇವಸ್ಥಾನದ ಸಭಾಭವನಕ್ಕೆ ಬರುವ ದಾರಿಯನ್ನು ಅಡಿಯಲ್ಲಿ ಇರುಕಿಸುತ್ತಾರೆ. ಮುಂಬಯಿಯಿಂದಲೋ ಗೋವೆಯಿಂದಲೋ ಬರುವ ನೆಂಟರು ಆ ಕಾಗದವನ್ನು ಎರಡನೆಯ ಸಲ ಕೈಗೆತ್ತಿಕೊಳ್ಳುವುದು ಆ ಅಡಿಯ ಸಾಲಿಗಾಗಿಯೇ.

ಅಕ್ಷರವನ್ನು ಸಣ್ಣದು ಮಾಡುವುದೆಂದರೆ ಬರೀ ಭಾಗಾಕಾರ ಎಂಬ ನಂಬಿಕೆ ಕಂಪ್ಯೂಟರ್ ಬಂದ ಮೇಲೆ ಬೆಳೆದದ್ದು. ಕೈಯಿಂದ ಉಕ್ಕಿನ ಅಚ್ಚು ಕೊರೆಯುತ್ತಿದ್ದ ಕಾಲದಲ್ಲಿ ಒಂದೊಂದು ಗಾತ್ರಕ್ಕೂ ಬೇರೆಯದೇ ಅಚ್ಚು ಬೇಕಿತ್ತು. ಕೊರೆಯುವವನು ಸಣ್ಣ ಅಕ್ಷರಕ್ಕೆ ತುಸು ದಪ್ಪ ಗೆರೆ, ತುಸು ಹೆಚ್ಚು ಅಗಲ, ಒಳಗೆ ಹೆಚ್ಚು ಬಯಲು ಕೊಡುತ್ತಿದ್ದ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ, 1,700ಕ್ಕೂ ಹೆಚ್ಚು ಪುಟಗಳಲ್ಲಿ ಕನ್ನಡ ಮತ್ತು ರೋಮನ್ ಒಂದೇ ಸಾಲಿನಲ್ಲಿ ಹೊಂದಿಕೊಂಡು ಸಾಗುತ್ತವೆ. ಅಕ್ಷರ ಪ್ರೀತಿಸುವವರು ಒಮ್ಮೆಯಾದರೂ ನೋಡಬೇಕಾದ ಕೆಲಸ ಅದು.

ಆ ಕುಶಲತೆಯನ್ನು ಕಂಪ್ಯೂಟರಿಗೆ ಮರಳಿ ತಂದವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ಕಂಪ್ಯೂಟರ್ ಪ್ರೋಗ್ರಾಮಿಂಗ್ ಕುರಿತ ತಮ್ಮ ಗ್ರಂಥದ ಎರಡನೆಯ ಆವೃತ್ತಿಯ ಕರಡು ಕಂಡು ಬೇಸತ್ತು, 1977ರಲ್ಲಿ ಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆಯನ್ನು ಕಟ್ಟಲು ಕೂತರು. ಅದರಲ್ಲಿ ಪಠ್ಯ 10 ಪಾಯಿಂಟಿನಲ್ಲಿದ್ದರೆ ಘಾತಸೂಚಿ 7, ಅದರ ಮೇಲಿನ ಸೂಚಿ 5. ಆ 7 ಪಾಯಿಂಟಿನ ಅಕ್ಷರ 10ರದನ್ನು ಕುಗ್ಗಿಸಿದ್ದಲ್ಲ, ಅದನ್ನು ಬೇರೆಯಾಗಿಯೇ ರೂಪಿಸಿದ್ದಾರೆ. ಗೆರೆಯ ದಪ್ಪ, ಅಗಲ, ಎತ್ತರ ಎಂದು 62 ಅಳತೆಗಳನ್ನು ಪ್ರತಿ ಗಾತ್ರಕ್ಕೂ ಹೊಸದಾಗಿ ಹೊಂದಿಸಿದರು. ದೊಡ್ಡ ಆವರಣ ಚಿಹ್ನೆ ಬೇಕಾದರೂ ಟೆಕ್ ಅದನ್ನು ಎಳೆದು ಹಿಗ್ಗಿಸುವುದಿಲ್ಲ: ತಲೆ, ನಡು, ಬುಡ ಎಂದು ತುಂಡುಗಳನ್ನು ಜೋಡಿಸುತ್ತದೆ, ಆದ್ದರಿಂದ ಗೆರೆ ಎಲ್ಲಿಯೂ ದಪ್ಪಗಾಗುವುದಿಲ್ಲ.

ಗಣಿತದ ಸೂಚಿಗೆ ಕ್ನೂತ್ ಮಾಡಿದ್ದು ನಮ್ಮ ಒತ್ತಕ್ಷರಕ್ಕೆ ಪ್ರತಿ ಪದದಲ್ಲೂ ಬೇಕು. ತ, ನ, ಮ, ಯ, ರ, ಲ ಒತ್ತುಗಳಿಗೆ ಅವುಗಳದೇ ಆಕಾರವಿದೆ. ಕ, ಗ, ಚ, ದ ಮೊದಲಾದವು ತಲೆಕಟ್ಟು ಕಳೆದುಕೊಂಡ ಮರಿ ಅಕ್ಷರಗಳು. ಈ ಮರಿಗಳನ್ನು ಕುಗ್ಗಿಸಿಯೇ ಮಾಡಿದ ಫಾಂಟುಗಳಲ್ಲಿ ‘ಅಕ್ಕ’ ಎಂದು ಬರೆದರೆ ಮೇಲಿನ ಕ ಕಪ್ಪಗೆ, ಕೆಳಗಿನದು ನೂಲಿನಂತೆ ತೆಳ್ಳಗೆ. ನಾನು ಫಾಂಟಿಗೆ ಅಂಕ ಕೊಡುವುದು ಇಲ್ಲಿಯೇ. ಗೆರೆಯ ದಪ್ಪ ಎರಡರಲ್ಲೂ ಸಮನಾಗಿ ಕಂಡರೆ ಅದನ್ನು ಮಾಡಿದವರಿಗೆ ಕಣ್ಣಿದೆ. ಆಮೇಲೆ ನೋಡುವುದು ಮಹಾಪ್ರಾಣದ ಸೀಳು. ದ-ಧ, ಡ-ಢ ಜೋಡಿಗಳ ಅಂತರವೆಲ್ಲ ಅಡಿಯ ಒಂದು ಪುಟ್ಟ ಸೀಳಿನಲ್ಲಿದೆ. ಶಾಯಿ ಹರಡಿ ಅದು ಮುಚ್ಚಿದರೆ ‘ಧನ’ ಎಂಬುದು ‘ದನ’ವಾಗುತ್ತದೆ.

ಕಾರವಾರದ ಕಡೆ ಇನ್ನೊಂದು ಪೇಚಿದೆ. ಕಾಗದದಲ್ಲಿ ಕನ್ನಡದ ಪಕ್ಕ ದೇವನಾಗರಿ, ಅದರ ಕೆಳಗೆ ಇಂಗ್ಲಿಷ್. ಮೂರಕ್ಕೂ 12 ಎಂದು ಕೊಟ್ಟರೆ ಮೂರೂ ಒಂದೇ ಎತ್ತರ ಕಾಣುವುದಿಲ್ಲ. ಇಂಚಿಗೆ 72ರಂತೆ ಎಣಿಸುವ ಪಾಯಿಂಟು ಅಳೆಯುವುದು ಅಕ್ಷರ ಕೂತ ಮೊಳೆಯ ಮೈಯನ್ನು, ಅಕ್ಷರದ ಮುಖವನ್ನಲ್ಲ. ಕನ್ನಡದ ಮೈಯಲ್ಲಿ ಒತ್ತಿಗೂ ಜಾಗ ತೆಗೆದಿಡಬೇಕಾದ್ದರಿಂದ ಅನೇಕ ಫಾಂಟುಗಳಲ್ಲಿ ಮುಖ ಚಿಕ್ಕದಾಗುತ್ತದೆ. ಸಂಖ್ಯೆ ಬಿಟ್ಟು ಕಣ್ಣನ್ನು ನಂಬಿ, ಇಂಗ್ಲಿಷನ್ನು 10ಕ್ಕೋ 11ಕ್ಕೋ ಇಳಿಸಿ. ಸಾಲಿನ ಅಂತರವೂ ಅಷ್ಟೇ: 12 ಪಾಯಿಂಟಿನ ಇಂಗ್ಲಿಷಿಗೆ 14 ಸಾಕು, ಕನ್ನಡಕ್ಕೆ 17-18 ಬೇಕು. ಇಲ್ಲದಿದ್ದರೆ ‘ರಾಷ್ಟ್ರ’ದ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ.

ಶೀರ್ಷಿಕೆ ಸಾಲಿನಲ್ಲಿ ಹಿಡಿಸಲಿಲ್ಲವೆಂದು ಅಕ್ಷರಗಳನ್ನು ಅಡ್ಡಕ್ಕೆ ಹಿಚುಕುವುದನ್ನಂತೂ ಡಿಟಿಪಿಯವರು ಬಿಡಲೇಬೇಕು. ಅದಕ್ಕೆ ಈಗ ಒಳ್ಳೆಯ ದಾರಿಯಿದೆ. ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ಫಾಂಟು ಉಚಿತ, ದಪ್ಪವನ್ನೂ ಅಗಲವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಇಕ್ಕಟ್ಟಿನ ಶೀರ್ಷಿಕೆಗೆ ಅಗಲ ಇಳಿಸಿ. ವಿಳಾಸದ ಸಾಲಿಗೆ ಅಗಲವನ್ನೂ ದಪ್ಪವನ್ನೂ ತುಸು ಏರಿಸಿ, 9 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಜಾಗ ಸಾಲದಿದ್ದರೆ ವಧೂವರರ ಹೆಸರನ್ನು 24ರಿಂದ 20ಕ್ಕೆ ತನ್ನಿ. ಕರಡನ್ನು ಪರದೆಯ ಮೇಲೆ ಹಿಗ್ಗಿಸಿ ಒಪ್ಪಬೇಡಿ. ಅದೇ ಕಾಗದದ ಮೇಲೆ, ಅದೇ ಗಾತ್ರದಲ್ಲಿ ಒಂದು ಪ್ರತಿ ತೆಗೆಸಿ, ಮನೆಯ ಹಿರಿಯರ ಕೈಗೆ ಕೊಟ್ಟು ಅಡಿಯ ಸಾಲನ್ನು ಓದಿಸಿ.