ಕಸಕಲ್ಲಿಗೂ ಒಂದು ವಿಳಾಸ

ಬಹುತೇಕ ತೆರೆದ ಗಣಿಗಳಲ್ಲಿ ಅದಿರಿಗಿಂತ ಹೆಚ್ಚಾಗಿ ಹೊರುವುದು ಬೇಡದ ಕಲ್ಲುಮಣ್ಣನ್ನೇ. ಅದನ್ನು ಯಾವ ತಿಂಗಳು, ಯಾವ ಡಂಪಿನ (ಸುರಿದ ರಾಶಿಯ) ಯಾವ ಹಂತದಲ್ಲಿ ಸುರಿಯಬೇಕೆಂದು ಮೊದಲೇ ಲೆಕ್ಕ ಹಾಕಿಕೊಡುವ ಡೆಸ್ವಿಕ್, ಮೈನ್‌ಶೆಡ್ ಥರದ ಸಾಫ್ಟ್‌ವೇರ್‌ಗಳನ್ನು ಮನಸಾರೆ ಮೆಚ್ಚುತ್ತೇನೆ.

ಆ ಲೆಕ್ಕ ಸುಲಭದ್ದಲ್ಲ. ಸಿಡಿಸಿದ ಬಂಡೆ ಸುಮಾರು ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. ಸುರಿದ ರಾಶಿ 37 ಡಿಗ್ರಿಯ ಆಸುಪಾಸಿನ ಇಳಿಜಾರಿನಲ್ಲಿ ನಿಲ್ಲುತ್ತದೆ. ಮುಂದೆ ಗಿಡ ಬೆಳೆಸಲು ಅದನ್ನು ತಗ್ಗಿಸಬೇಕು, ಅದಕ್ಕೆ ಇನ್ನಷ್ಟು ಜಾಗ ಬೇಕು. ಟಿಪ್ಪರಿನ ದಾರಿ ಉದ್ದವಾದಷ್ಟೂ ಡೀಸೆಲ್ ಖರ್ಚು. ಗಂಧಕದ ಖನಿಜವಿರುವ ಕಲ್ಲಿಗೆ ಗಾಳಿ, ನೀರು ಸೋಕಿದರೆ ಆಮ್ಲ ಹುಟ್ಟುತ್ತದೆ. ಅಂಥ ಕಲ್ಲನ್ನು ಅಪಾಯವಿಲ್ಲದ ಕಲ್ಲಿನ ನಡುವೆ ಹುದುಗಿಸಬೇಕು. ಆ ಹೊದಿಕೆಯ ಕಲ್ಲೂ ಅದೇ ಹೊತ್ತಿಗೆ ಗುಂಡಿಯಿಂದ ಮೇಲೆ ಬರಬೇಕಲ್ಲ! ಈ ಹೊಂದಾಣಿಕೆಯೇ ನನ್ನ ಕಣ್ಣಿಗೆ ಇದರ ನಿಜವಾದ ಸೊಗಸು.

ಎಲ್ಲಿ ಸುರಿಯುತ್ತೇವೆ ಎಂಬುದು ಕಾನೂನಿನ ಪ್ರಶ್ನೆಯೂ ಹೌದು. ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನು ಉಲ್ಲಂಘನೆಯ ಪ್ರಮಾಣದ ಮೇಲೆ ವರ್ಗೀಕರಿಸುವಾಗ ಗುತ್ತಿಗೆಯ ಗಡಿ ಮೀರಿ ಅಗೆದದ್ದರ ಜೊತೆಗೆ ಗಡಿ ಮೀರಿ ಸುರಿದದ್ದನ್ನೂ ಅಳೆಯಲಾಯಿತು. ತೀವ್ರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಗಣಿ ಎಂಜಿನಿಯರಿಂಗ್ ಓದುತ್ತಿರುವವರು ಅದಿರಿನ ನಕ್ಷೆಯಷ್ಟೇ ಶ್ರದ್ಧೆಯಿಂದ ಡಂಪಿನ ನಕ್ಷೆಯನ್ನೂ ಕಲಿಯಲಿ.